ಆ ಪುಟದ ನೆರಳು

ಮಕ್ಕಳ ಪುಸ್ತಕ ಅಚ್ಚು ಹಾಕುವ ಆ ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ಬಿಳಿಯಕ್ಕ ಅನ್ನುತ್ತಿದ್ದರು. ಮೈಬಣ್ಣ ನೋಡಿ ಇಟ್ಟ ಹೆಸರೇನಲ್ಲ. ಹಾಗೆ ಇಟ್ಟಿದ್ದರೆ ಇಟ್ಟವರ ಕಣ್ಣು ಪರೀಕ್ಷೆ ಮಾಡಿಸಬೇಕಾಗುತ್ತಿತ್ತು. ಅವಳ ಉಗುರಿನ ಸಂದಿಯಲ್ಲಿ ಸದಾ ಬಿಳಿ ಬಣ್ಣ ಕೂತಿರುತ್ತಿತ್ತು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಹೊಸದಾಗಿ ಸೇರಿದ ಹುಡುಗಿಯರಿಂದ ಹಿಡಿದು ನಿವೃತ್ತಿಗೆ ಬಂದ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಅಕ್ಕ. ಹೀಗೆ ಊರಿಗೆಲ್ಲ ಅಕ್ಕನಾದವಳು ತಾನು ಮಾತ್ರ ಯಾರನ್ನೂ ಬಾಯಿತುಂಬ ಅಕ್ಕ ಎಂದು ಕರೆದವಳಲ್ಲ.

ಅವಳ ಕೆಲಸ ಚಿತ್ರ ಬರೆಯುವುದಲ್ಲ, ಬರೆದ ಚಿತ್ರ ತಿದ್ದುವುದು. ಪುಸ್ತಕ ಕಟ್ಟುವವರ ಕೋಣೆಯ ಮೇಲೆ, ಅಂಟಿನ ವಾಸನೆ ಮೆಟ್ಟಿಲು ಹತ್ತಿಕೊಂಡು ಬರುವ ಒಂದು ಕೋಣೆ; ಉತ್ತರಕ್ಕೆ ಒಂದೇ ಕಿಟಕಿ, ಅದರ ಕೆಳಗೆ ಮೇಜು. ಗೋಡೆಗೆ ಒರಗಿಸಿದ ತಗಡಿನ ಕಪಾಟಿನಲ್ಲಿ ಶಿಶುಗೀತೆಗಳ ಒಂದೇ ಒಂದು ಪುಸ್ತಕದ ಮೂಲ ಚಿತ್ರಗಳು, ದಪ್ಪ ರಟ್ಟಿನ ಮೇಲೆ ಬರೆದವು. ಮುದ್ರಣಾಲಯದ ಅನ್ನ ಆ ಪುಸ್ತಕ. ಅಜ್ಜಿಯರು ಓದಿದ್ದನ್ನೇ ಮೊಮ್ಮಕ್ಕಳೂ ಓದುತ್ತಾರೆ, ಆದರೆ ಅಜ್ಜಿಯರು ನೋಡಿದ ಚಿತ್ರವನ್ನು ಮೊಮ್ಮಕ್ಕಳು ನೋಡುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಲೋಕಕ್ಕೆ ಹೊಸ ಬುದ್ಧಿ ಬರುತ್ತದೆ, ಆಗ ರಟ್ಟುಗಳು ಕಪಾಟಿನಿಂದ ಇಳಿದು ಬಿಳಿಯಕ್ಕನ ಮೇಜಿಗೆ ಬರುತ್ತವೆ.

ಕಾಲಕ್ಕೆ ತಕ್ಕಂತೆ ಕೋಲ ಎನ್ನುತ್ತಾರಲ್ಲ, ಆ ಕೋಲಕ್ಕೆ ಬಣ್ಣ ಬಳಿದವಳು ಅವಳು. ಹತ್ತನೇ ಪುಟದ ತಾತನ ಬಾಯಿಂದ ಚುಟ್ಟಾ ತೆಗೆದಳು. ತುಟಿ ಚೂಪಾಗಿಯೇ ಉಳಿದದ್ದರಿಂದ ತಾತ ಸಿಳ್ಳೆ ಹೊಡೆಯುವ ಪೋಲಿಯಂತೆ ಕಂಡ, ಕೊನೆಗೆ ಅವನಿಗೆ ಕೊಳಲು ಕೊಡಬೇಕಾಯಿತು. ಮೇಷ್ಟ್ರ ಕೈಯಿಂದ ಬೆತ್ತ ತೆಗೆದು ಹೂವು ಇಟ್ಟಳು. ಎತ್ತಿದ ಕೈ ಎತ್ತಿದ ಹಾಗೇ ಇತ್ತು, ಹಾಗಾಗಿ ಇವತ್ತಿಗೂ ಆ ಮೇಷ್ಟ್ರು ಮಕ್ಕಳಿಗೆ ಹೂವಿನಲ್ಲೇ ಬಾರಿಸುತ್ತಿದ್ದಾರೆ. ಒಲೆಯ ಮುಂದಿದ್ದ ತಾಯಿಯನ್ನು ಎಬ್ಬಿಸಿ ತಂದೆಯ ಕೈಗೆ ಸೌಟು ಕೊಟ್ಟಳು. ಎಲ್ಲ ಮಕ್ಕಳೂ ಹಾಲಿನಂತೆ ಬೆಳ್ಳಗಿದ್ದಾಗ, ಅರ್ಧ ಮಕ್ಕಳಿಗೆ ತನ್ನ ಮೈಬಣ್ಣ ಹಚ್ಚಿ ಮನಸ್ಸಿನಲ್ಲೇ ಖುಷಿಪಟ್ಟಳು. ಅಳುತ್ತಿದ್ದ ಮಕ್ಕಳನ್ನೆಲ್ಲ ನಗಿಸಿದಳು. ಬಹುಪಾಲು ತಿದ್ದುಪಡಿ ಒಳ್ಳೆಯದಕ್ಕೇ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಸಂಜೆ ಕಪಾಟು ಮುಚ್ಚುವಾಗ, ಬಿಳಿ ಬಣ್ಣದ ಕೆಳಗೆ ಹೂತುಹೋದವರೆಲ್ಲ ತನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ದೀಪ ಆರಿಸುವ ಮೊದಲೇ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು.

ಆ ಚಿತ್ರಗಳನ್ನು ಬರೆದವನು ಅವಳ ಅಪ್ಪ. ಅವನ ಕೈ ನಡುಗಲು ಶುರುವಾದ ಮೇಲೆ ತಿದ್ದುವ ಕೆಲಸ ಮಗಳಿಗೆ ಬಂತು, ಜೊತೆಗೆ ಅವನ ಒಂದು ಕಟ್ಟಳೆಯೂ ಬಂತು: ವಸ್ತು ತೆಗೆದರೆ ಅದರ ನೆರಳನ್ನೂ ತೆಗೆ. ಬೆತ್ತ ಅಳಿಸಿ ಗೋಡೆಯ ಮೇಲೆ ಬೆತ್ತದ ನೆರಳು ಬಿಟ್ಟರೆ, ಮಕ್ಕಳು ಮೊದಲು ನೋಡುವುದು ನೆರಳನ್ನೇ. ಅಪ್ಪ ಇದನ್ನು ಊಟಕ್ಕೆ ಮುಂಚೆ, ಊಟದ ನಂತರ ಹೇಳುತ್ತಿದ್ದ. ಇಷ್ಟು ಹೇಳುವವನು ಒಂದು ಪುಟದಲ್ಲಿ ಮಾತ್ರ ತಾನೇ ತಪ್ಪಿದ್ದ.

ಅದು ಹದಿನಾಲ್ಕನೇ ಪುಟ. ಅಂಗಳದಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ, ಸೊಂಟದ ಮೇಲೆ ಕೂಸು, ಇನ್ನೊಂದು ಕೈಯಲ್ಲಿ ಪೊರಕೆ. ಕೆಳಗೆ ಹಾಡು:

ಅಕ್ಕಾ ಅಕ್ಕಾ ಎಲ್ಲೇ ಅಡಗಿದೆ?
ಎಲ್ಲೂ ಇಲ್ಲ, ಇಲ್ಲೇ ಇರುವೆ.
ಪಾಪು ಅತ್ತರೆ ಏನೇ ಮಾಡುವೆ?
ಸೊಂಟಕೆ ಏರಿಸಿ ಕುಣಿಸುತಲಿರುವೆ.

ಹುಡುಗಿಯ ಹಿಂದಿನ ಗೋಡೆಯ ಮೇಲೆ ಉದ್ದನೆಯ ನೆರಳು. ಜಡೆ ಎರಡೂ ಇವೆ, ಸೊಂಟದ ಮೇಲೆ ಕೂಸಿನ ಉಬ್ಬೂ ಇದೆ. ಆದರೆ ನೆರಳಿನ ಕೈಯಲ್ಲಿ ಪೊರಕೆ ಇಲ್ಲ. ಚೌಕನೆಯ, ಚಪ್ಪಟೆಯಾದ ಏನೋ ಒಂದು ಇದೆ. ಕೆಳಗಿನ ಕೋಣೆಯಲ್ಲಿ ಪುಸ್ತಕ ಕಟ್ಟುವವರು ಅದನ್ನು ದೆವ್ವದ ಪುಟ ಅನ್ನುತ್ತಿದ್ದರು, ಅನ್ನುತ್ತಾ ನಗುತ್ತಿದ್ದರು, ಮತ್ತು ಮಡಿಸುವಾಗ ಆ ಹಾಳೆಯನ್ನು ಮುಖ ಕೆಳಗಾಗಿ ಇಡುತ್ತಿದ್ದರು.

ಚಿಕ್ಕವಳಿದ್ದಾಗ ಬಿಳಿಯಕ್ಕನಿಗೂ ಆ ನೆರಳೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅಂಗೈಯಿಂದ ಅದನ್ನು ಮುಚ್ಚಿಕೊಂಡು ಹುಡುಗಿಯನ್ನಷ್ಟೇ ನೋಡುತ್ತಿದ್ದಳು. ಯಾಕೆಂದರೆ ಆ ಹುಡುಗಿ ಅವಳ ಅಕ್ಕ. ಅಪ್ಪ ದೊಡ್ಡ ಮಗಳನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು ಬರೆದದ್ದು, ಸೊಂಟದ ಮೇಲಿನ ಕೂಸು ಇವಳೇ. ಇವಳಿಗೆ ಎರಡು ತುಂಬುವ ಹೊತ್ತಿಗೆ ಅಕ್ಕ ಜ್ವರದಲ್ಲಿ ಹೋಗಿಬಿಟ್ಟಳು. ಒಂದು ಫೋಟೋ ಇಲ್ಲ, ಒಂದು ರಿಬ್ಬನ್ನೂ ಉಳಿಯಲಿಲ್ಲ. ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ. ಎತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಆದರೂ ಬಿಳಿಯಕ್ಕನಿಗೆ ಒಂದು ನೆನಪಿತ್ತು, ಅದನ್ನು ಅವಳು ಯಾರಿಗೂ ಹೇಳದೆ ಕಾಪಾಡಿಕೊಂಡಿದ್ದಳು. ಬೆಳಗಿನ ಜಾವ ಎಚ್ಚರವಾಗುವಾಗ ಸರ್, ಸರ್ ಎಂದು ಅಂಗಳ ಗುಡಿಸುವ ಸದ್ದು. ಮನೆ ಬದಲಾಯಿತು, ಅಂಗಳವೇ ಇಲ್ಲದ ಮೂರನೇ ಮಹಡಿಗೆ ಬಂದರು, ಸದ್ದು ಮಾತ್ರ ಜೊತೆಗೇ ಬಂತು. ಅಕ್ಕ ಗುಡಿಸುತ್ತಿದ್ದಾಳೆ ಎಂದುಕೊಂಡು ಅವಳು ಮಗ್ಗುಲು ಬದಲಾಯಿಸುತ್ತಿದ್ದಳು. ಹೆದರಿಕೆಯಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಸದ್ದು ನಿಂತೀತು ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲೇ ಆ ಪುಟ ಮೇಜಿಗೆ ಬಂದಿತ್ತು. ಹೆಣ್ಣುಮಕ್ಕಳ ಕೈಗೆ ಪೊರಕೆ ಕೊಡುವ ಕಾಲ ಹೋಯಿತು, ಪುಸ್ತಕ ಕೊಡಿ ಎಂದು ಅಪ್ಪಣೆಯಾಗಿತ್ತು. ಬಿಳಿಯಕ್ಕ ಸಂತೋಷದಿಂದಲೇ ಪೊರಕೆಗೆ ಬಿಳಿ ಬಳಿದು, ಕೆಂಪು ರಟ್ಟಿನ ಪುಸ್ತಕ ಬರೆದಳು. ಪಾಪ, ಗುಡಿಸಿ ಗುಡಿಸಿ ಸತ್ತವಳಿಗೆ ಈಗಲಾದರೂ ಓದು ಸಿಕ್ಕಿತಲ್ಲ ಎಂದು ಕಣ್ಣು ಒದ್ದೆಯಾಯಿತು. ಆಮೇಲೆ ಕಟ್ಟಳೆಯ ಪ್ರಕಾರ ನೆರಳು ತಿದ್ದಲು ಕುಂಚ ಎತ್ತಿದಳು, ಎತ್ತಿದ ಕೈ ಹಾಗೇ ನಿಂತಿತು. ತಿದ್ದುವುದಕ್ಕೆ ಏನೂ ಇರಲಿಲ್ಲ. ಕೈಯಲ್ಲಿ ಚೌಕನೆಯ ಪುಸ್ತಕ, ಗೋಡೆಯ ಮೇಲೆ ಚೌಕನೆಯ ನೆರಳು. ಇಷ್ಟು ವರ್ಷವೂ ನೆರಳು ಪುಸ್ತಕಕ್ಕಾಗಿ ಕಾದು ನಿಂತಿತ್ತೋ ಎಂಬಂತೆ ಒಂದಕ್ಕೊಂದು ಸರಿಯಾಗಿ ಕೂತವು. ಹಿಂದೆ ಬಂದು ನಿಂತಿದ್ದ ಅಪ್ಪ ಮುಖ ಬಿಳಿಚಿಕೊಂಡು ಒಂದೇ ಮಾತು ಹೇಳಿದ್ದ.

"ಆ ನೆರಳಿಗೆ ಕೈ ಹಚ್ಚಬೇಡ."

ಯಾಕೆ ಎಂದು ಕೇಳುವಷ್ಟರಲ್ಲಿ ಅವನು ಮೆಟ್ಟಿಲಿಳಿದು ಹೋಗಿದ್ದ. ಆಮೇಲೆ ಅವನೂ ತೀರಿಕೊಂಡ, ಪ್ರಶ್ನೆ ಇವಳ ಹತ್ತಿರವೇ ಉಳಿಯಿತು.

ಈಗ ಅವಳಿಗೂ ತಲೆ ನರೆತಿದೆ, ಮನೆಯಲ್ಲಿರುವುದು ಅವಳು ಮತ್ತು ತೀರಾ ವಯಸ್ಸಾದ ಅಮ್ಮ. ಅಮ್ಮನಿಗೆ ಮರೆವು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಇವತ್ತು ಕಾಫಿ ಇಲ್ಲವೇನೇ ಎಂದು ಕೇಳುತ್ತಾಳೆ. ಆದರೆ ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ಇದ್ದ ಅಮ್ಮ, ಮರೆವು ಬಂದ ಮೇಲೆ ದೊಡ್ಡ ಮಗಳ ಮಾತು ತೆಗೆಯತೊಡಗಿದಳು. ದೊಡ್ಡವಳ ಬಳಪ ಮುಗಿದಿದೆ, ಬರುವಾಗ ತಾ ಅನ್ನುವಳು. ದೀಪದ ಹತ್ತಿರ ಕೂತು ಓದಬೇಡ ಅಂತ ಅವಳಿಗೆ ಹೇಳು ಅನ್ನುವಳು. ಕೇಳಿದಾಗಲೆಲ್ಲ ಬಿಳಿಯಕ್ಕ ಕೈಯ ಕೆಲಸ ಬಿಟ್ಟು ಅಮ್ಮನ ಮುಖ ನೋಡುತ್ತಿದ್ದಳು. ಓದುವ ಅಕ್ಕ ಎಲ್ಲಿದ್ದಳು? ಅವಳನ್ನು ಬರೆದವಳು ತಾನು, ಅದೂ ಅವಳು ಸತ್ತು ಎಷ್ಟೋ ವರ್ಷಗಳಾದ ಮೇಲೆ. ತನ್ನ ಕುಂಚ ರಟ್ಟು ದಾಟಿ ಅಮ್ಮನ ತಲೆಯೊಳಗೂ ಹೋಗಿ ಅಲ್ಲಿಯ ಪೊರಕೆಯನ್ನೂ ಅಳಿಸಿಬಿಟ್ಟಿತೇ? ಹಾಗಿದ್ದರೆ ನಿಜವಾದ ಅಕ್ಕ ಇನ್ನು ಉಳಿದಿರುವುದು ತನ್ನೊಬ್ಬಳ ನೆನಪಿನಲ್ಲಿ, ಆ ಸರ್ ಸರ್ ಸದ್ದಿನಲ್ಲಿ ಮಾತ್ರ.

ಇಂಥ ಹೊತ್ತಿನಲ್ಲಿ ಹದಿನಾಲ್ಕನೇ ಪುಟ ಮತ್ತೆ ಮೇಜಿಗೆ ಬಂತು. ತಂದವಳು ಹೊಸ ಸಂಪಾದಕಿ, ಒಳ್ಳೆಯ ಹೆಣ್ಣುಮಗಳು, ದೊಡ್ಡ ಮಾತಾಡುವವಳಲ್ಲ. ಮಗು ಮಗುವನ್ನು ಎತ್ತಿಕೊಂಡು ನಿಂತಿರುವುದು ಇನ್ನು ಬೇಡ ಎಂದಳು. ಅವಳೇ ಆಡಬೇಕಾದ ವಯಸ್ಸಿನವಳು, ಕೂಸು ಯಾಕೆ ಹೊರಬೇಕು? ಅಲ್ಲಿ ಅಪ್ಪ ನಿಲ್ಲಲಿ, ಕೂಸು ಅವನ ಹೆಗಲಿಗೆ ಹೋಗಲಿ. ಹಾಡಿನಲ್ಲೂ ಅಕ್ಕನ ಬದಲು ಅಪ್ಪಾ ಅಪ್ಪಾ, ಸೊಂಟದ ಬದಲು ಹೆಗಲು, ಎಲ್ಲೇ ಏನೇ ಹೋಗಿ ಎಲ್ಲೋ ಏನೋ. ಮಿಕ್ಕದ್ದೆಲ್ಲ ಹಾಗೇ. ಕಂಪ್ಯೂಟರಿನಲ್ಲಿ ಮಾಡಿ ನೋಡಿದ್ದರಂತೆ, ಅಪ್ಪನನ್ನು ಕತ್ತರಿಸಿ ಅಂಟಿಸಿದ ಹಾಗೆ ಕಂಡಿತಂತೆ. ಅದೇ ರಟ್ಟಿನ ಮೇಲೆ, ಅದೇ ಕೈಯಿಂದ ಬೇಕು ಎಂದಳು.

ಸಂಪಾದಕಿ ಹೇಳಿದ್ದರಲ್ಲಿ ತಪ್ಪು ಹುಡುಕಲು ಬಿಳಿಯಕ್ಕ ತುಂಬ ಪ್ರಯತ್ನಪಟ್ಟಳು, ಸಿಗಲಿಲ್ಲ. ಅದೇ ಅವಳ ಸಂಕಟ. ತಪ್ಪಿದ್ದಿದ್ದರೆ ಜಗಳವಾಡಬಹುದಿತ್ತು. ಪೊರಕೆ ಹೋದಾಗ ಅಕ್ಕ ಉಳಿದಿದ್ದಳು, ಈಗ ಅಕ್ಕನೇ ಹೋಗಬೇಕು. ಹಳೆಯ ಪ್ರತಿಗಳು ಪೆಟ್ಟಿಗೆಯಲ್ಲಿವೆ ನಿಜ, ಆದರೆ ಪೆಟ್ಟಿಗೆಯಲ್ಲಿರುವವರನ್ನು ಯಾರು ಕೂಗಿ ಕರೆಯುತ್ತಾರೆ? ಇಷ್ಟು ದಿನ ಎಲ್ಲೆಲ್ಲಿಯ ಮಕ್ಕಳೋ ಬೆರಳಿಟ್ಟು ಅಕ್ಕಾ ಅಕ್ಕಾ ಎನ್ನುತ್ತಿದ್ದರು. ಲೋಕದಲ್ಲಿ ಅವಳಿಗೆ ನಿಲ್ಲಲು ಉಳಿದಿದ್ದ ಜಾಗ ಆ ಅಂಗೈಯಗಲದ ಅಂಗಳವೊಂದೇ. ಅದನ್ನು ತನ್ನ ಕೈಯಿಂದಲೇ ಖಾಲಿ ಮಾಡಿಸಬೇಕು.

ರಜೆಯ ದಿನ ರಟ್ಟನ್ನು ಮನೆಗೆ ತಂದಳು. ಮಧ್ಯಾಹ್ನದ ಬೆಳಕಿನಲ್ಲಿ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡಳು, ಪಕ್ಕದ ಕುರ್ಚಿಯಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದಳು. ತಿದ್ದಿದ್ದರ ಮೇಲೆ ತಿದ್ದಿ ಬಣ್ಣ ದಪ್ಪವಾಗಿತ್ತು, ಅದರ ಮೇಲೆ ಮತ್ತೆ ಬಳಿದರೆ ಬಿರುಕು ಬಿಡುತ್ತದೆ. ಮೊದಲು ಹಳೆಯ ಪದರ ಎಬ್ಬಿಸಬೇಕು. ಅಪ್ಪನ ಮೂಲ ಚಿತ್ರ ನೀರುಬಣ್ಣದ್ದು, ರಟ್ಟಿನೊಳಗೆ ಇಂಗಿ ಕೂತದ್ದು, ಒದ್ದೆ ಹತ್ತಿಗೆ ಜಪ್ಪಯ್ಯ ಎಂದರೂ ಬರುವುದಿಲ್ಲ. ತಿದ್ದುಪಡಿಯ ದಪ್ಪ ಬಣ್ಣ ಮಾತ್ರ ಮೇಲೆ ಕೂತಿರುತ್ತದೆ, ನೀರು ಸೋಕಿದರೆ ಎದ್ದು ಬರುತ್ತದೆ. ಅವಳು ಹತ್ತಿ ಒದ್ದೆ ಮಾಡಿ ಕೆಂಪು ಪುಸ್ತಕದ ಮೇಲೆ ಮೆತ್ತಗೆ ಒತ್ತಿದಳು.

ಪುಸ್ತಕ ಕರಗಿತು. ಕೆಳಗಿನ ಬಿಳಿ ಹೋಯಿತು. ಪೊರಕೆ ಕಂಡಿತು. ಎಷ್ಟೋ ವರ್ಷದ ಮೇಲೆ ಅಕ್ಕನ ಪೊರಕೆ ಕಂಡು ಅವಳಿಗೆ ತವರಿನವರನ್ನು ಕಂಡಷ್ಟು ಸಂತೋಷವಾಯಿತು. ಇನ್ನೊಂದು ಸಲ, ಧೂಳು ಹೋಗಲಿ ಎಂದು, ಹತ್ತಿ ಒತ್ತಿದಳು. ಹತ್ತಿ ಕಂದು ಬಣ್ಣವಾಯಿತು.

ಆಗಬಾರದಿತ್ತು. ಪೊರಕೆ ಮೂಲ ಚಿತ್ರದ್ದಾದರೆ ಎದ್ದು ಬರಬಾರದಿತ್ತು. ಅವಳು ಹತ್ತಿ ಬದಲಿಸಿ ಮತ್ತೆ ಒತ್ತಿದಳು, ಕೈ ಬೇಡ ಬೇಡ ಎನ್ನುತ್ತಿದ್ದರೂ ಒತ್ತಿದಳು. ಪೊರಕೆಯ ಕಡ್ಡಿಗಳು ಒಂದೊಂದಾಗಿ ಬಿಟ್ಟುಕೊಂಡವು. ಅವುಗಳ ಕೆಳಗೆ ತೆಳ್ಳಗೆ ಬಳಿದ ಬಿಳಿ, ಅಪ್ಪನ ಕೈಯ ಬಿಳಿ. ಅದೂ ಕರಗಿತು. ಕೆಳಗಿನಿಂದ, ನೀರಿನ ತಳದಿಂದ ಮೇಲೆ ಬರುವ ಹಾಗೆ, ಒಂದು ಸ್ಲೇಟು ಬಂತು. ಮರದ ಚೌಕಟ್ಟು, ಕಪ್ಪು ಹಲಗೆ, ಅದರ ಮೇಲೆ ಬಳಪದಲ್ಲಿ ಗೀಚಿದ ಒಂದು ದುಂಡು ಮುಖ, ಎರಡು ಚುಕ್ಕೆ ಕಣ್ಣು, ತಲೆಯ ಮೇಲೆ ಒಂದೇ ಒಂದು ಕೂದಲು. ಕೂಸಿನ ಮುಖ. ಗೋಡೆಯ ಮೇಲಿನ ನೆರಳು ಈಗ ತನ್ನ ವಸ್ತುವಿನ ಮೂಲೆ ಮೂಲೆಗೂ ಸರಿಯಾಗಿ ಹೊಂದಿಕೊಂಡು ನಿಂತಿತ್ತು.

ಪಕ್ಕದಿಂದ ಅಮ್ಮ ಬಗ್ಗಿ ನೋಡಿದಳು. ಎಷ್ಟು ಹೊತ್ತಿನಿಂದ ಎಚ್ಚರವಾಗಿದ್ದಳೋ.

"ಸಿಕ್ತಾ ಅವಳ ಸ್ಲೇಟು?" ಎಂದಳು. "ಅದರ ಮೇಲೆ ನಿನ್ನನ್ನ ಬರೆದಿದ್ಳು. ಒರೆಸಬೇಡ ಅಂತ ನಿಮ್ಮಪ್ಪನಿಗೆ ಎಷ್ಟು ಹೇಳಿದ್ಳು."

ಆಮೇಲೆ ಅಮ್ಮ ಹೇಳುತ್ತಾ ಹೋದಳು, ನಿನ್ನೆ ನಡೆದದ್ದನ್ನು ಹೇಳುವ ಹಾಗೆ, ಒಂದು ಕಡೆಯೂ ತಡವರಿಸದೆ. ದೊಡ್ಡವಳು ಶಾಲೆಯಲ್ಲಿ ಚುರುಕು. ಸ್ಲೇಟು ಬಿಟ್ಟು ಊಟಕ್ಕೂ ಬರುತ್ತಿರಲಿಲ್ಲ. ಅಪ್ಪ ಅವಳನ್ನು ಹೇಗಿದ್ದಳೋ ಹಾಗೇ ಬರೆದ. ಆಗಿನ ಯಜಮಾನರು ನೋಡಿ ನಕ್ಕರಂತೆ. ಹುಡುಗಿ ಸ್ಲೇಟು ಹಿಡಿದು ನಿಂತರೆ ಮನೆಗೆಲಸ ಯಾರು ಮಾಡುತ್ತಾರೆ, ಪುಸ್ತಕ ಕೊಳ್ಳುವ ತಾಯಂದಿರು ಏನೆಂದುಕೊಂಡಾರು, ಪೊರಕೆ ಕೊಡಪ್ಪ ಎಂದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲ, ಅಪ್ಪ ಕೊಟ್ಟ. ನೆರಳು ತಿದ್ದುವುದನ್ನು ಮರೆತ.

ಪುಸ್ತಕ ಬಂದ ಮೇಲೆ ಶಾಲೆಯಲ್ಲಿ ಮಕ್ಕಳು ಅವಳನ್ನು ಪೊರಕೆ ಅಂತ ಕರೆಯತೊಡಗಿದರು. ಪುಸ್ತಕದಲ್ಲೇ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು? ಮನೆಗೆ ಬಂದ ನೆಂಟರೂ ಎಲ್ಲೇ ನಿನ್ನ ಪೊರಕೆ ಎಂದು ಕೆನ್ನೆ ಹಿಂಡಿದರು. ಒಂದು ಬೆಳಿಗ್ಗೆ ಅವಳು ಸ್ಲೇಟನ್ನು ಅಟ್ಟದ ಮೇಲೆ ಎಸೆದು, ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ಅಂಗಳ ಗುಡಿಸಿದಳು. ಶಾಲೆಗೆ ಹೋಗು ಎಂದರೆ ಹೋಗಲಿಲ್ಲ. ಅವತ್ತಿನಿಂದ ದಿನವೂ ಗುಡಿಸಿದಳು, ಜ್ವರ ಬಂದು ಮಲಗುವವರೆಗೂ ಗುಡಿಸಿದಳು.

"ಮಲಗಿದ್ದಾಗ ಆ ಪುಸ್ತಕ ಬೇಕು ಅನ್ನೋಳು," ಎಂದಳು ಅಮ್ಮ. "ಹುಡುಗಿ ಮೇಲೆ ಬೆರಳೇ ಇಡ್ತಿರಲಿಲ್ಲ. ನೆರಳಿನ ಮೇಲೆ ಇಟ್ಟು, ಅಮ್ಮಾ, ಇವಳು ನಾನು, ನೋಡು ಸ್ಲೇಟು ಇನ್ನೂ ಇದೆ ಅನ್ನೋಳು. ನಿಮ್ಮಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ್ರು."

ಕಿಟಕಿಯ ಬೆಳಕು ಇಳಿಯುತ್ತಿತ್ತು. ಬಿಳಿಯಕ್ಕ ತಿರುಗಿ ನೋಡಿದರೆ ರಟ್ಟಿನ ಮೇಲೆ ಸ್ಲೇಟು ಇರಲಿಲ್ಲ. ನೀರು ಆರಿದಂತೆ ಉಳಿದ ಬಿಳಿಯ ಪುಡಿ ಮಂಜಿನ ಹಾಗೆ ಅದನ್ನು ಮುಚ್ಚಿತ್ತು. ಗಾಬರಿಯಾಗಿ ಮತ್ತೆ ಹತ್ತಿ ಒತ್ತಿದಳು, ಮತ್ತೆ ಬಂತು, ಆದರೆ ಹಲಗೆಯ ಕಪ್ಪಿನ ಮೇಲೆ ಅಪ್ಪ ದಪ್ಪ ಬಿಳಿಯಲ್ಲಿ ಎಳೆದಿದ್ದ ಬಳಪದ ಗೆರೆ ಈ ಸಲ ಸ್ವಲ್ಪ ಮಾಸಿತ್ತು. ಇನ್ನೊಮ್ಮೆ ಒತ್ತಿದಾಗ ತಲೆಯ ಮೇಲಿನ ಒಂಟಿ ಕೂದಲು ಹೋಯಿತು. ಫೋನಿನಲ್ಲಿ ತೆಗೆದ ಫೋಟೋದಲ್ಲಿ ನೀರಿನ ಹೊಳಪು ಬಿಟ್ಟು ಬೇರೇನೂ ಬೀಳಲಿಲ್ಲ. ನೋಡಿದಷ್ಟೂ ಸವೆಯುವ ಚಿತ್ರ ಅದು ಎಂದು ಗೊತ್ತಾದ ಮೇಲೆ ಹತ್ತಿಯನ್ನು ಬಟ್ಟಲಿಗೆ ಹಾಕಿ ಕೈ ತೊಳೆದುಕೊಂಡಳು. ತಿರುಗಿದರೆ ಅಮ್ಮ ಇವತ್ತು ಕಾಫಿ ಇಲ್ಲವೇನೇ ಎಂದು ಕೇಳುತ್ತಿದ್ದಳು.

ಮರುದಿನ ಬೆಳಗಿನ ಜಾವ ಗುಡಿಸುವ ಸದ್ದು ಬರಲಿಲ್ಲ. ಬಿಳಿಯಕ್ಕ ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿಯೇ ಇದ್ದಳು. ಹುಟ್ಟಿದಂದಿನಿಂದ ಕೇಳಿದ್ದೆಂದು ನಂಬಿದ ಸದ್ದು, ಅದು ಕಿವಿ ಕೇಳಿದ್ದೋ ಪುಟ ನೋಡಿ ಕಣ್ಣು ಕಟ್ಟಿಕೊಂಡದ್ದೋ ಇನ್ನು ಹೇಳುವವರು ಯಾರು? ತುಂಬ ಹೊತ್ತಿನ ಮೇಲೆ ಪಕ್ಕದ ಕೋಣೆಯಿಂದ, ಕಿರ್ ಎಂದು, ಹಲಗೆಯ ಮೇಲೆ ಬಳಪ ಎಳೆದಂಥ ಸಣ್ಣ ಸದ್ದು ಬಂತು. ಅಮ್ಮನ ಕುರ್ಚಿ ಇರಬಹುದು. ಅವಳು ಎದ್ದು ಹೋಗಿ ನೋಡಲಿಲ್ಲ.

ಆ ವಾರ ಅವಳು ಸಂಪಾದಕಿ ಹೇಳಿದ ಕೆಲಸ ಮಾಡಿದಳು. ಅಕ್ಕನ ಪಾದದಿಂದ ಶುರುಮಾಡಿ ಮೇಲೆ ಮೇಲೆ ಬಿಳಿ ಬಳಿದಳು, ಮುಖಕ್ಕೆ ಬಂದಾಗ ಕುಂಚ ಕೆಳಗಿಟ್ಟು ಅತ್ತಳು, ಅತ್ತು ಮುಗಿಸಿ ಬಳಿದಳು. ಆ ಜಾಗದಲ್ಲಿ ಅಪ್ಪನನ್ನು ನಿಲ್ಲಿಸಿದಳು, ತನ್ನದೇ ಅಪ್ಪನ ಮೂಗು, ತನ್ನದೇ ಅಪ್ಪನ ಬಾಗಿದ ಬೆನ್ನು. ಕೂಸನ್ನು ಅವನ ಹೆಗಲಿಗೆ ಏರಿಸಿದಳು. ಜೀವ ಇರುವತನಕ ಅವನು ಇವಳನ್ನು ಎತ್ತಿಕೊಂಡದ್ದಿಲ್ಲ, ಕೈಯಲ್ಲಿ ಯಾವಾಗಲೂ ಕುಂಚ. ಕಾಗದದ ಮೇಲಾದರೂ ಹೊರಲಿ, ಸ್ವಲ್ಪ ಭಾರ ಗೊತ್ತಾಗಲಿ ಎಂದುಕೊಂಡಳು.

ಸಂಪಾದಕಿ ರಟ್ಟನ್ನು ಕಿಟಕಿಗೆ ಹಿಡಿದು ನೋಡಿದಳು, ತುಂಬ ಚೆನ್ನಾಗಿದೆ ಎಂದಳು, ಎಂದವಳು ಅಲ್ಲಿಗೇ ನಿಲ್ಲಿಸಿದಳು. ಗೋಡೆಯ ಮೇಲೆ, ನಗುವ ಅಪ್ಪನ ಹಿಂದೆ, ಎರಡು ಜಡೆಯ ಹುಡುಗಿಯ ನೆರಳು ನಿಂತಿತ್ತು, ಕೈಯಲ್ಲಿ ಚೌಕನೆಯದು ಹಿಡಿದು.

"ಅಕ್ಕಾ, ನೆರಳು ಮರೆತುಬಿಟ್ಟಿದ್ದೀರಿ."

"ಮರೆತಿಲ್ಲಮ್ಮ."

ಸಂಪಾದಕಿ ಅವಳ ಮುಖ ನೋಡಿದಳು, ಮತ್ತೆ ರಟ್ಟು ನೋಡಿದಳು. ಯಾರ ನೆರಳು ಎಂದು ಕೇಳಲಿಲ್ಲ. ಮಕ್ಕಳು ಹೆದರಬಹುದು ಎಂದಷ್ಟೇ ಅಂದಳು.

"ನಾನೂ ಹೆದರ್ತಿದ್ದೆ," ಎಂದಳು ಬಿಳಿಯಕ್ಕ. "ಹೆದರ್ತಾನೇ ದಿನಾ ಆ ಪುಟ ತೆಗೀತಿದ್ದೆ. ಇಷ್ಟು ವರ್ಷ ನೀವು ತೆಗೆ ಅಂದದ್ದನ್ನೆಲ್ಲ ತೆಗೆದಿದ್ದೀನಿ. ಇದೊಂದು ಇರಲಿ."

ಸಂಪಾದಕಿ ರಟ್ಟನ್ನು ಮತ್ತೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದಳು. ಕೊನೆಗೆ ರಟ್ಟನ್ನು ಎದೆಗವಚಿಕೊಂಡು ಕೆಳಗೆ ಹೋದಳು. ಹೊಸ ಪುಸ್ತಕ ಬರುವವರೆಗೂ ಬಿಳಿಯಕ್ಕನಿಗೆ ಏನಾಯಿತೆಂದು ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಪುಸ್ತಕ ಬಂದ ಸಂಜೆ ಅದನ್ನು ಅಮ್ಮನ ಮಡಿಲಲ್ಲಿಟ್ಟು ಹದಿನಾಲ್ಕನೇ ಪುಟ ತೆಗೆದಳು. ನೆರಳು ಅಲ್ಲೇ ಇತ್ತು. ಅಮ್ಮ ಅಪ್ಪನನ್ನು ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ಒಣಗಿದ ಬೆರಳು ನೇರವಾಗಿ ಗೋಡೆಯ ಕಡೆಗೆ ಹೋಗಿ ಜಡೆಯ ಮೇಲೆ ನಿಂತಿತು. ನಿಂತು, ಕಾಯತೊಡಗಿತು. ಓದು ಎನ್ನುತ್ತಿದ್ದಾಳೆಂದು ಬಿಳಿಯಕ್ಕನಿಗೆ ಅರ್ಥವಾಯಿತು. ಕೆಳಗೆ ದೊಡ್ಡ ಅಕ್ಷರದಲ್ಲಿ ಅಪ್ಪಾ ಅಪ್ಪಾ ಎಂದು ಅಚ್ಚಾಗಿತ್ತು. ಅವಳು ಬಾಯಿ ತೆರೆದಳು, ನಾಲಿಗೆ ಒಪ್ಪಲಿಲ್ಲ.

"ಅಕ್ಕಾ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಅಕ್ಕಾ, ಎಲ್ಲೇ ಅಡಗಿದೆ?"

ಅಮ್ಮ ತಲೆ ಎತ್ತಲಿಲ್ಲ. ಬೆರಳು ಜಡೆಯಿಂದ ಇಳಿದು ಸ್ಲೇಟಿನ ಮೇಲೆ ಬಂದು ಕೂತಿತು. ಉತ್ತರ ಬಂದದ್ದು ಅಮ್ಮನ ಬಾಯಿಂದಲೇ, ಆದರೆ ದನಿ ತೀರಾ ಎಳೆಯದು, ಓಡಿ ಬಂದು ನಿಂತ ಹುಡುಗಿಯದು.

"ಎಲ್ಲೂ ಇಲ್ಲ, ಇಲ್ಲೇ ಇರುವೆ."